ಬೀಳು ಹೊಲದ ಹಕ್ಕರಕಿ

ಕಳೆದ ಭಾನುವಾರ, ನಮ್ಮ ಹಿತ್ತಿಲ ಕೆಲಸಕ್ಕೆ ಬರುವ ದುರುಗವ್ವ ನನ್ನ ಮುಖ ನೋಡದೆ ಕಸ ತೆಗೆದಳು. ಎರಡು ತಾಸು, ಒಂದು ಮಾತಿಲ್ಲ. (ದುರುಗವ್ವ ಮತ್ತು ಸೈಲೆನ್ಸ್? ಬದನೆ ಗಿಡದ ಜೊತೆಗೂ ಜಗಳ ಆಡುವವಳು ಅವಳು.)

"ಏನಾತು ದುರುಗವ್ವಾ?" ಅಂದೆ.

"ಏನಾಗೂದೈತ್ರೀ ಅಮ್ಮಾರ? ಪೇಪರ್‌ನ್ಯಾಗ ಬರದೀರಂತಲ್ಲ, ನೀವs ಹೋಗಿ ನೋಡ್ಕೊಂಡ್ ಬರ್ರಿ."

ಹೋದೆ. ರೈಲ್ವೆ ಲೈನಿನ ಆಚೆಗಿನ ಬೀಳು ಹೊಲಕ್ಕೆ.

ಮೂರು ವಾರದ ಹಿಂದೆ ಇದೇ ಅಂಕಣದಲ್ಲಿ ಆ ಹೊಲದ ಬಗ್ಗೆ ಬರೆದಿದ್ದೆ, ನೆನಪಿರಬಹುದು. ಅರಕೇರಾದಿಂದ ಕೂಲಿಗೆಂದು ಬಂದು ರಾಯಚೂರಿನಲ್ಲೇ ಉಳಿದ ದುರುಗವ್ವ ಅಲ್ಲಿ ದಿನಾ ಸಂಜೆ ತಾನಾಗಿಯೇ ಬೆಳೆದ ಹಕ್ಕರಕಿ ಸೊಪ್ಪನ್ನು ಉಡಿ ತುಂಬ ಚಿವುಟುತ್ತಿದ್ದಳು. ತೊಳೆದು, ಹಸಿಯಾಗಿಯೇ, ರೊಟ್ಟಿಯ ಜೊತೆ ತಿನ್ನುವುದು. ಅವಳ ಮನೆಮಂದಿಗೆಲ್ಲ ಅದೇ ಪಲ್ಯ. ನಾನೂ ಒಂದು ದಿನ ಹೋದೆ, ತಿಂದೆ, ಥ್ರಿಲ್ ಆದೆ. ಮಾರ್ಕೆಟ್ ಮರೆಯಿರಿ, ಬುಟ್ಟಿ ಹಿಡಿದು ನಡೆಯಿರಿ ಎಂದು ಬರೆದೆ. ಹೊಲದ ದಾರಿಯನ್ನೂ ಬರೆದೆ. ಎಂಥ ಹುಮ್ಮಸ್ಸು!

ನೀವು ಹೋದಿರಿ. ಫ್ಲಾಸ್ಕ್‌ನಲ್ಲಿ ಟೀ ತುಂಬಿಕೊಂಡು ಹೋದಿರಿ. ("ಲವ್ಲಿ ಪಿಕ್ನಿಕ್ ಮೇಡಂ" ಎಂದು ಶಕ್ತಿನಗರದಿಂದ ಒಬ್ಬರು ಕಾಗದ ಬರೆದಿದ್ದಾರೆ.) ಮನೆಯ ಕುಂಡದಲ್ಲಿ ನೆಡೋಣವೆಂದು ಬೇರುಸಹಿತ ಕಿತ್ತಿರಿ. ನಾನು ನೋಡಿದಾಗ ಹೊಲದ ತುಂಬ ತಗ್ಗುಗಳು. ಕೋಳಿ ಕೆದರಿ ಹೋದ ಹಾಗೆ.

ನಿಮ್ಮನ್ನು ಬಯ್ಯುತ್ತಿಲ್ಲ. ಕೀಳಬಾರದೆಂದು ನಿಮಗೆ ಯಾರು ಹೇಳಿದ್ದರು?

ನನಗೆ ದುರುಗವ್ವ ಹೇಳಿದ್ದಳು. ಉಗುರಿನಿಂದ ಎಲೆಯಷ್ಟೇ ಚಿವುಟುತ್ತ, "ಬೇರು ಅಲಗಾಡಬಾರ್ದ್ರೀ. ಹಳದಿ ಹೂ ಬಿಟ್ಟದ್ದು ಮುಟ್ಟಾಕs ಬಾರ್ದು, ಅದು ಮುಂದಿನ ವರ್ಷದ್ದು" ಅಂದಿದ್ದಳು. ಅವಳ ಊರಿನ ಹೆಂಗಸರೆಲ್ಲ ಹಾಗೇ ಕೊಯ್ಯುವುದಂತೆ. ಅದನ್ನು ಬರೆದೂ ಇದ್ದೆ. ಆದರೆ ಅಂಕಣ ಉದ್ದವಾಯಿತು, ಏನಾದರೂ ತೆಗೆಯಬೇಕಿತ್ತು. ನನ್ನ ಕಾನ್ವೆಂಟಿನ ನೇಚರ್ ಸ್ಟಡಿ ಕ್ಲಾಸು, ನೋಟ್‌ಬುಕ್ಕಿನಲ್ಲಿ ನಾನು ಅಂಟಿಸಿದ ಎಲೆಗಳು, ಸಿಸ್ಟರ್ ಬರೆದ "ವೆರಿ ಗುಡ್" ಎಲ್ಲವನ್ನೂ ಉಳಿಸಿಕೊಂಡೆ. ದುರುಗವ್ವನ ಆ ಎರಡು ಮಾತು ಹೊಡೆದುಹಾಕಿದೆ.

ವಾಪಸು ಬಂದವಳೇ ಪರಿಹಾರ ಹುಡುಕಿದೆ. (ಅಂಕಣ ಬರೆಯುವವರ ರೋಗ ಇದು.)

"ದುರುಗವ್ವಾ, ಟೊಮ್ಯಾಟೊ ಕಿತ್ತು ಈ ಮಡಿ ನಿನಗs ಬಿಡ್ತೀನಿ. ಹಕ್ಕರಕಿ ಹಾಕು."

"ಬೀಜ ಎಲ್ಲಿಂದ ತರ್ಲ್ರೀ? ಹೂವಿನ ಗಿಡಾನೂ ಕಿತ್ಕೊಂಡ್ ಹೋಗ್ಯಾರ."

"ಮಾನ್ವಿ ಕಡೆಯಿಂದ ತರಸ್ತೀನಿ."

ಅವಳು ನಕ್ಕಳು. ಸಂತೋಷದ ನಗು ಅಲ್ಲ. "ತರಸ್ರಿ. ಆದ್ರ ಇದು ನಿಮ್ಮ ಹಿತ್ತಲ ಅದ ಅಮ್ಮಾರ. ದಿನಾ ಸಂಜಿಕಿ ನಿಮ್ಮ ಗೇಟ್ ಬಡೀಬೇಕು. ಆ ಹೊಲದಾಗ ನಾ ಯಾರ್ನೂ ಕೇಳ್ತಿದ್ದಿಲ್ಲ."

'ಸಾರಿ' ಎಂಬ ಪದ ಬಾಯಿಯವರೆಗೆ ಬಂದು, ನನಗೇ ನಾಚಿಕೆಯಾಗಿ, ಅಲ್ಲೇ ನಿಂತಿತು. ತಪ್ಪಾಯಿತೆಂದು ಇಲ್ಲಿ ಅಚ್ಚು ಹಾಕಿಸಿದರೆ ತಾನೇ ಏನು? ದುರುಗವ್ವನಿಗೆ ಓದು ಬಾರದು. ಹೊಲಕ್ಕೂ ಬಾರದು.

ನಿನ್ನೆ ಸಂಜೆ ಅವಳು ಹಿಂಬಾಗಿಲಲ್ಲಿ ನಿಂತಿದ್ದಳು. ಇಷ್ಟು ವರ್ಷ ಕೂಲಿ ಬಿಟ್ಟು ಬೇರೇನೂ ಕೇಳದವಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತು ಅಂದಳು:

"ಅಮ್ಮಾರ, ರೊಟ್ಟಿ ಮಾಡೀನಿ. ಪಲ್ಯ ಏನರ ಉಳದದೇನ್ರಿ?"

ಮಧ್ಯಾಹ್ನದ ಬೀನ್ಸ್ ಉಳಿದಿತ್ತು. ಡಬ್ಬಿಗೆ ಹಾಕಿ ಕೊಟ್ಟೆ. "ದೇವ್ರು ನಿಮಗ ಚಲೋ ಮಾಡ್ಲಿ" ಎಂದು ಹೇಳಿ ಹೋದಳು.

ಇದನ್ನೂ ಚಾರಿಟಿ ಅನ್ನುತ್ತೇವೆಯೇ?