ಅಮ್ಮಮ್ಮನ ಹೊಸ್ತಿಲು, ನನ್ನ ಬ್ಲಾಗು

ನನ್ನ ಹಳೆಯ ಬ್ಲಾಗನ್ನು ಇವತ್ತು ಮಗಳಿಗೆ ತೋರಿಸಿದೆ. ಮಿನುಗುವ ನಕ್ಷತ್ರ, ಓಡುವ ಅಕ್ಷರ, ಪುಟ ತೆರೆದೊಡನೆ ಶುರುವಾಗುವ ಸಂಗೀತ. ಆಗ ನಮಗೆಲ್ಲ ಅದೇ ಚಂದ! ಅವಳು ಕಣ್ಣು ಕಿರಿದು ಮಾಡಿ, "ಅಮ್ಮ, ಇದ್ರಗೆ ನೀ ಬರ್ದದ್ ಎಲ್ಲಿತ್ತ್?" ಎಂದಳು.

ಬೀಜಾಡಿ ಊರಿನ ನನ್ನ ಅಮ್ಮಮ್ಮನೇ ಎದುರು ಬಂದು ನಿಂತಂತಾಯಿತು.

ಮಳೆಗಾಲದ ಸೋಣೆ ತಿಂಗಳಲ್ಲಿ ನಮ್ಮ ಕಡೆ ಹೆಂಗಸರು ದಿನವೂ ಹೊಸ್ತಿಲು ತೊಳೆದು, ಬಿಳಿ ಶೇಡಿಮಣ್ಣಿನ ನೀರಲ್ಲಿ ಗೆರೆ ಬರೆದು, ಹೂವಿಟ್ಟು ಪೂಜಿಸುತ್ತಾರೆ. ಮೊದಲ ಸಲ ಆ ಕೆಲಸ ನನ್ನ ಕೈಗೆ ಬಂದಾಗ ನವಿಲು, ತಾವರೆ, ಬಳ್ಳಿ ಎಲ್ಲವನ್ನೂ ತುಂಬಿಸಿಬಿಟ್ಟೆ. ಅಮ್ಮಮ್ಮ ಬಗ್ಗಿ ನೋಡಿ, "ಎಲ್ಲಾ ಚಂದ ಇತ್ತ್ ಹೆಣೆ. ಹೊಸ್ಲ್ ಮಾತ್ರ ಕಾಣ್ತಿಲ್ಲ" ಎಂದರು.

ಸಿಟ್ಟಿನಿಂದಲೇ ಒರೆಸಿದೆ. ಮತ್ತೆ ಬೆರಳದ್ದಿ ನಾಲ್ಕೇ ಗೆರೆ ಎಳೆದೆ. ಶೇಡಿ ಒಣಗಿ ಬೆಳ್ಳಗಾಗುತ್ತಿದ್ದಂತೆ ಕಪ್ಪು ಮರದ ಹೊಸ್ತಿಲು ಎದ್ದು ಕಂಡಿತು. ಅಮ್ಮಮ್ಮ ಬೇಲಿಯಾಚೆಯ ಮನೆಯವರನ್ನು ಕೂಗಿದರು: "ಹ್ವಾಯ್, ಬಂದ್ ಕಾಣಿ, ನಮ್ಮ್ ಹೆಣ್ ಬರ್ದದ್!" ಆ ಹೊತ್ತು ನನ್ನಷ್ಟು ದೊಡ್ಡವಳು ಬೀಜಾಡಿಯಲ್ಲೇ ಇರಲಿಲ್ಲ.

ಸಂಜೆ ನಾನೂ ಮಗಳೂ ಕೂತು ನಕ್ಷತ್ರ, ಸಂಗೀತ ಎಲ್ಲ ತೆಗೆದೆವು. ಉಳಿದದ್ದು ಬಿಳಿ ಪುಟ, ಕಪ್ಪು ಅಕ್ಷರ, ಸುತ್ತ ಒಂದಿಷ್ಟು ಜಾಗ. ಅವಳು ಮೊದಲ ಬರಹವನ್ನು ಕೊನೆಯವರೆಗೂ ಓದಿದಳು. ಆಮೇಲೆ ಒಳಗಿದ್ದ ನನ್ನ ಗಂಡನನ್ನು ಕೂಗಿದಳು:

"ಅಪ್ಪಯ್ಯ, ಬಂದ್ ಕಾಣಿ, ಅಮ್ಮ ಬರ್ದದ್!"