ಹಾಕದೇ ಬಿಟ್ಟ ಒಂದು ಸುತ್ತು

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ತರಕಾರಿ ಚೀಲದ ಹಿಡಿಕೆ ಕಿತ್ತುಬಂತು. ಕಿತ್ತುಬಂದದ್ದು ಬೇರೆಲ್ಲೂ ಅಲ್ಲ, ಲಿಫ್ಟಿನಲ್ಲಿ. ಗಚ್ಚಿಬೌಲಿಯ ಇಂಥ ಕಟ್ಟಡಗಳ ಲಿಫ್ಟಿನಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಆದರೆ ಎರಡು ಕಿಲೋ ಟೊಮ್ಯಾಟೊ ಉರುಳಿದಾಗ ಎಲ್ಲರೂ ನೋಡಿದರು. ಒಂದನ್ನು ಯಾರದೋ ಸಾಕುನಾಯಿ ಚೆಂಡೆಂದು ತಿಳಿದು ಬಾಯಲ್ಲಿ ಹಿಡಿದು ಏಳನೇ ಅಂತಸ್ತಿನಲ್ಲಿ ಗಂಭೀರವಾಗಿ ಇಳಿದುಹೋಯಿತು.

ನನ್ನ ಹೆಂಡತಿ ಗಿರಿಜಾ ಚೀಲವನ್ನು ಹಿಂದೆ ಮುಂದೆ ತಿರುಗಿಸಿದಳು. "ಇಷ್ಟ ವರ್ಷ ಬಾಳಿಕಿ ಬಂದದ್ದ ದೊಡ್ಡದ್ರಿ. ಒಗದ ಬಿಡೂಣು."

"ಒಗೀಬ್ಯಾಡ. ಹೊಲಿ."

"ಹಂಗಾರ ದಾರ ಪೋಣಿಸಿ ಕೊಡ್ರಿ."

ನೋಡಿ, ಇಷ್ಟೇ ಕೆಲಸ. ದಾರದ ತುದಿಗೆ ಎಂಜಲು ಹಚ್ಚಿ ಚೂಪು ಮಾಡಿ, ಸೂಜಿಯನ್ನು ಬೆಳಕಿಗೆ ಹಿಡಿದೆ. ಸೂಜಿಯ ಕಣ್ಣೇ ಕಾಣಲಿಲ್ಲ. ಕನ್ನಡಕ ಏರಿಸಿದೆ, ಇಳಿಸಿದೆ; ಕೈಯನ್ನು ಉದ್ದ ಚಾಚಿದೆ. ಐದನೇ ಸಲ ಸೋತು ಬೇಸರದಿಂದ ತಲೆಯೆತ್ತಿದರೆ, ಬಾಲ್ಕನಿಯ ಆಚೆ, ಹತ್ತು ಅಂತಸ್ತು ಕೆಳಗೆ, ಗೇಟಿನಲ್ಲಿ ನಿಂತ ನೀರಿನ ಟ್ಯಾಂಕರಿನ ನಂಬರು ಅಕ್ಷರ ಅಕ್ಷರವಾಗಿ ಕಂಡಿತು.

ಆ ನಂಬರು ಓದಿ ನಾನು ಕೈಯ ಸೂಜಿಯನ್ನೇ ಮರೆತದ್ದು ಏಕೆಂದು ಹೇಳಲು ಹುಸೇನ್ ಸಾಗರ ಕೆರೆಯ ದಂಡೆಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕು. ಸ್ವಲ್ಪ ಮೂಗು ಮುಚ್ಚಿಕೊಳ್ಳಿ. ಚಳಿಗಾಲದಲ್ಲಿ ಅಲ್ಲಿನ ವಾಸನೆ ಕಡಿಮೆ ಎನ್ನುತ್ತಾರೆ. ಕಡಿಮೆ ಆಗುವುದು ಮೂಗಿನ ನಿರೀಕ್ಷೆ ಎಂದು ನನ್ನ ಅನುಮಾನ.

ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿದ್ದ ಕಾಲ ಅದು. ಅಪ್ಪನ ರೈಲ್ವೆ ನೌಕರಿಯ ನೆರಳಲ್ಲಿ ಮಲ್ಕಾಜ್‌ಗಿರಿಯಲ್ಲಿ ಬೆಳೆದ ನಾನು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಹಿಂದಿ, ಮನೆಯಲ್ಲಿ ಗದಗಿನ ಅಜ್ಜಿಯ ಕನ್ನಡ ಮಾತಾಡಿಕೊಂಡು, ಹೇಗೋ ಒಂದು ಸಾಫ್ಟ್‌ವೇರ್ ಕಂಪನಿ ಸೇರಿದ್ದೆ. ನಮ್ಮ ಮ್ಯಾನೇಜರ್ ವಿವೇಕ್ ಸರ್ ದೆಹಲಿ ಕಡೆಯವರು. ಕೆರೆಯ ದಂಡೆಯ ಹಳೆಯ ಹಾಯಿದೋಣಿ ಕ್ಲಬ್ಬಿಗೆ ಸದಸ್ಯರಾಗಿ, ಇಬ್ಬರು ಕೂರುವ ಪುಟ್ಟ ಡಿಂಗಿಯೊಂದನ್ನು ಕೊಂಡಿದ್ದರು. ಚುಕ್ಕಾಣಿ ಅವರದು. ಮುಂದಿನ ಸಣ್ಣ ಹಾಯಿಯ ಹಗ್ಗ ಹಿಡಿಯಲು ಇನ್ನೊಬ್ಬ ಬೇಕಿತ್ತು. ಇಡೀ ತಂಡದಲ್ಲಿ ನನ್ನನ್ನೇ ಆರಿಸಿದರು. ನಾನು ಹಿಗ್ಗಿದೆ. ಚಳಿಗಾಲದಲ್ಲಿ ಗಾಳಿ ಸಣ್ಣದು, ದೋಣಿಯಲ್ಲಿ ತೂಕ ಕಡಿಮೆ ಇರಬೇಕು, ಆಗ ನಾನು ನುಗ್ಗೆಕಾಯಿಯಂತೆ ಇದ್ದೆ ಎಂಬ ಕಾರಣ ಆಮೇಲೆ ತಿಳಿಯಿತು.

ಅಜ್ಜಿಗೆ ಇದನ್ನು ವಿವರಿಸುವುದು ಕಷ್ಟವಾಯಿತು. "ದ್ವಾಣ್ಯಾಗ ಕುಂತು ಆ ದಂಡಿಗೆ ಹೊಕ್ಕೀರೇನು?"

"ಇಲ್ಲಬೇ, ಸುತ್ತ ಹೊಡದು ಮತ್ತ ಇದ ದಂಡಿಗೆ ಬರತೀವಿ."

"ಹಂಗಾರ ಇಲ್ಲೇ ಕೂಡ್ರಲ್ಲ, ಹುಚ್ಚಪ್ಪ! ಈಸ ಸೈತ ಬರಂಗಿಲ್ಲ ನಿನಗ."

ಈಜು ಈಗಲೂ ಬರುವುದಿಲ್ಲ, ಅದಿರಲಿ.

ಡಿಸೆಂಬರ್, ಜನವರಿಯ ಭಾನುವಾರಗಳಲ್ಲಿ ಪಂದ್ಯ. ಬೆಳಿಗ್ಗೆ ಎಂಟಕ್ಕೆ ಹೋದರೆ ಮಂಜು; ಕೆರೆಯ ನಡುವಿನ ಬುದ್ಧನ ಪ್ರತಿಮೆ ಸೊಂಟದವರೆಗೆ ಇಲ್ಲ. ಹತ್ತರ ತನಕ ಗಾಳಿಯೂ ಇಲ್ಲ. ಹುಲ್ಲುಹಾಸಿನ ಮೇಲೆ ಬೆತ್ತದ ಕುರ್ಚಿ ಹಾಕಿಕೊಂಡು ನಿವೃತ್ತ ಸೇನಾಧಿಕಾರಿಗಳು ತಮ್ಮ ಮೊಣಕಾಲಿನ ನೋವನ್ನೂ, ನಮ್ಮಂಥ ಹೊಸಬರು ಅಮೆರಿಕದ ವೀಸಾವನ್ನೂ ಚರ್ಚಿಸುತ್ತ ಚಹಾ ಕುಡಿಯುವುದು. ಶಾಲು ಹೊದ್ದ ಹೆಂಗಸರು ಬೇರೆ ಮೇಜಿನಲ್ಲಿ. ನಾನು ಅತಿಥಿ ಮಾತ್ರ, ಸದಸ್ಯನಲ್ಲ. ಬಿಸ್ಕತ್ತಿನ ತಟ್ಟೆ ಎದುರಿಗೆ ಬಂದಾಗ ಒಂದೇ ತೆಗೆದುಕೊಳ್ಳಬೇಕೋ ಎರಡೋ ಎಂಬುದು ತಿಳಿಯದವನೇ ಅತಿಥಿ. ಆ ಬೆತ್ತದ ಕುರ್ಚಿಯಲ್ಲಿ ಬೆನ್ನು ಪೂರ್ತಿ ಒರಗಿಸಿ ಕೂರಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಈಗ ನೆನೆದರೆ ನಗು ಬರಬೇಕು. ಬರುವುದಿಲ್ಲ.

ಕುರ್ಚಿಗಳ ಬಳಿ ಕೂರುವುದು ಮುಜುಗರವಾದಾಗ ನಾನು ದೋಣಿಗಳ ಕೊಟ್ಟಿಗೆಗೆ ಹೋಗುತ್ತಿದ್ದೆ. ಅಲ್ಲಿ ಸಿದ್ದಪ್ಪ ಕಾಕಾ ಇರುತ್ತಿದ್ದರು. ಲಿಂಗಸೂಗೂರು ಕಡೆಯವರು, ಮಣ್ಣು ಹೊರುವ ಕೆಲಸಕ್ಕೆಂದು ಹರೆಯದಲ್ಲಿ ಈ ಊರಿಗೆ ಬಂದು, ಕ್ಲಬ್ಬಿನ ಗೋಡೆ ಕಟ್ಟುವಾಗ ಇಟ್ಟಿಗೆ ಹೊತ್ತು, ಗೋಡೆ ಮುಗಿದ ಮೇಲೂ ಒಳಗೇ ಉಳಿದವರು. ದೋಣಿಯ ತೂತು ಮುಚ್ಚುವುದು, ಹರಿದ ಹಾಯಿಗೆ ತೇಪೆ ಹಾಕುವುದು, ಪಂದ್ಯದ ದಿನ ನೀರಿನ ಮೇಲೆ ಕಾವಲು ಕೂರುವುದು ಅವರ ಕೆಲಸ. ಮೊದಲ ದಿನ ನನ್ನ ಹೆಸರು ಕೇಳಿ, ಊರು ಕೇಳಿ, "ಗದಗ? ಹಂಗಾರ ನೀ ನಮ್ಮಾಂವ ಬಿಡೋ ತಮ್ಮಾ" ಎಂದರು. ಆ ಕ್ಲಬ್ಬಿನಲ್ಲಿ ನನ್ನನ್ನು ನಮ್ಮವನೆಂದವರು ಅವರೊಬ್ಬರೇ.

ಗಾಳಿ ಓದಲು ಕಲಿಸಿದ್ದು ವಿವೇಕ್ ಸರ್ ಅಲ್ಲ, ಕಾಕಾ. ದಂಡೆಯಲ್ಲಿ ನಿಂತು ದೂರ ಬೊಟ್ಟು ಮಾಡುವರು. "ಅಲ್ಲಿ ನೀರಿನ ಮೈ ಕರ್ರಗ ಆಗಾಕತ್ತೈತಿ ನೋಡು. ಅಲ್ಲಿ ಗಾಳಿ ಇಳದೈತಿ. ಇನ್ನ ಚಹಾ ಕುಡ್ಯೂದ್ರಾಗ ಇಲ್ಲಿಗೆ ಬರತೈತಿ." ನನಗೆ ನೀರು ಎಲ್ಲೆಡೆ ಒಂದೇ ಕೊಳಕು ಹಸಿರು. ಚಹಾ ಮುಗಿಯುವಷ್ಟರಲ್ಲಿ ಗಾಳಿ ಬಂದೇ ಬರುತ್ತಿತ್ತು.

ಹಾಯಿ ಹೊಲಿಯುವಾಗ ಮಾತ್ರ ಅವರು ನನಗಾಗಿ ಕಾಯುತ್ತಿದ್ದರು. ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಸೂಜಿ ಚಾಚುವರು. "ದಾರ ಹಾಕಿ ಕೊಡೋ ತಮ್ಮಾ. ಹತ್ರಂದು ಈಗೀಗ ಕಾಣವಲ್ದು. ಯಾರ ಮುಂದೂ ಹೇಳಬ್ಯಾಡ ಮತ್ತ, ಮುದುಕ ಆದ ಅಂತಾರ." ಒಮ್ಮೆಗೇ ಹತ್ತು ಸೂಜಿಗೆ ದಾರ ಹಾಕಿಸಿಕೊಂಡು ಅವನ್ನು ತಮ್ಮ ಅಂಗಿಯ ಅಂಚಿಗೆ ಸಾಲಾಗಿ ಚುಚ್ಚಿಕೊಳ್ಳುವರು, ವಾರದ ಸಾಮಾನಿನಂತೆ. ಆಮೇಲೆ ಕಣ್ಣಿನ ಹಂಗಿಲ್ಲದೆ ಬೆರಳುಗಳೇ ಹೊಲಿಯುತ್ತಿದ್ದವು. ಹರಿದ ಹಳೆಯ ಹಾಯಿಯಲ್ಲಿ ಅವರು ನನಗೊಂದು ಚೀಲ ಹೊಲಿದುಕೊಟ್ಟರು. "ಅಜ್ಜಿಗೆ ಕೊಡು. ಬಾಜಿ ತರಾಕ ಆಕ್ಕೈತಿ." ಬಿಳಿಯ ಬಟ್ಟೆ, ಮೇಲೆ ದೋಣಿಯ ನೀಲಿ ನಂಬರಿನ ಅರ್ಧ ತುಂಡು. ಲಿಫ್ಟಿನಲ್ಲಿ ಕಿತ್ತುಬಂದದ್ದು ಅದೇ.

ಈಗ ಈ ಆಟದ ಒಂದು ಪದ್ಧತಿ ಹೇಳಬೇಕು. ನೀರಿನಲ್ಲಿ ಕಿತ್ತಳೆ ಬಣ್ಣದ ದೊಡ್ಡ ಗಾಳಿಚೀಲಗಳನ್ನು ತೇಲಿಬಿಟ್ಟಿರುತ್ತಾರೆ. ಮಾರ್ಕ್ ಎಂದು ಅವುಗಳ ಹೆಸರು. ದೋಣಿಗಳು ಅವನ್ನು ಸುತ್ತಿ ಬರಬೇಕು, ದೋಣಿಯಾಗಲಿ ಅದರಲ್ಲಿರುವವರ ಮೈಯಾಗಲಿ ಮುಟ್ಟಬಾರದು. ಮುಟ್ಟಿದರೆ ಯಾರೂ ಸೀಟಿ ಊದುವುದಿಲ್ಲ. ಮುಟ್ಟಿದವರೇ, ತಾವಾಗಿ, ಅಲ್ಲೇ ಪಕ್ಕಕ್ಕೆ ಸರಿದು ದೋಣಿಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಮುಂದೆ ಹೋಗಬೇಕು. ಆ ಸುತ್ತೇ ಶಿಕ್ಷೆ. ಹಾಕಿದರೆ ತಪ್ಪು ಅಲ್ಲಿಗೆ ಮುಗಿಯಿತು. ಯಾರೂ ಮತ್ತೆ ಆ ಮಾತು ಎತ್ತುವುದಿಲ್ಲ. ತಕ್ಷಣ ಹಾಕಬೇಕು, ಅಷ್ಟೇ. ಪಂದ್ಯ ಮುಗಿದ ಮೇಲೆ ನೂರು ಸುತ್ತು ಹಾಕಿದರೂ ಅದು ಬರೀ ತಿರುಗಾಟ.

ಜನವರಿಯ ಕೊನೆಯ ಭಾನುವಾರ. ಅಂದು ಗೆದ್ದರೆ ಇಡೀ ಚಳಿಗಾಲದ ಪಂದ್ಯ ನಮ್ಮದು. ಬೆಳಿಗ್ಗೆ ವಿವೇಕ್ ಸರ್ ನನ್ನ ಹೆಗಲ ಮೇಲೆ ಕೈ ಹಾಕಿ, "ಇವತ್ತು ಊಟದ ಹೊತ್ತಿಗೆ ನಿನ್ನ ಸದಸ್ಯತ್ವದ ಅರ್ಜಿಗೆ ಸಹಿ ಹಾಕುತ್ತೇನೆ, ಗೆದ್ದ ಸಂತೋಷಕ್ಕೆ" ಎಂದಿದ್ದರು, ಇಂಗ್ಲಿಷಿನಲ್ಲಿ. ಗೆಲ್ಲದಿದ್ದರೆ ಏನೆಂದು ನಾನು ಕೇಳಲಿಲ್ಲ.

ಕೊನೆಯ ಮಾರ್ಕ್. ನಾವೇ ಮುಂದೆ. ಸುತ್ತುವಾಗ ಗಾಳಿ ಸತ್ತಿತು. ಹಾಯಿ ಜೋತುಬಿತ್ತು, ದೋಣಿ ಮೆಲ್ಲಗೆ ಪಕ್ಕಕ್ಕೆ ಜಾರತೊಡಗಿತು. ನಾನು ಎಡಗಡೆಯ ಅಂಚಿನಲ್ಲಿ ಹೊರಕ್ಕೆ ಬಾಗಿ ಕುಳಿತಿದ್ದೆ. ಮಾರ್ಕಿನ ಒದ್ದೆ ರಬ್ಬರಿನ ಮೈ ನನ್ನ ಬೆನ್ನಿಗೆ ತಣ್ಣಗೆ ಒತ್ತಿತು. ಒಂದು ಉಸಿರಿನಷ್ಟು ಹೊತ್ತು. ಬಿಟ್ಟಿತು.

ತಲೆಯೆತ್ತಿದೆ. ಸ್ವಲ್ಪ ದೂರದಲ್ಲಿ ಲಂಗರು ಹಾಕಿದ ಕಾವಲು ದೋಣಿಯಲ್ಲಿ ಸಿದ್ದಪ್ಪ ಕಾಕಾ. ನನ್ನನ್ನೇ ನೋಡುತ್ತಿದ್ದರು. ಕೂಗಲಿಲ್ಲ, ಬಾವುಟ ಎತ್ತಲಿಲ್ಲ. ಮುಗುಳ್ನಕ್ಕು, ತೋರುಬೆರಳಿನಿಂದ ಗಾಳಿಯಲ್ಲಿ ಸಣ್ಣದೊಂದು ಸುತ್ತು ಬರೆದು ತೋರಿಸಿದರು. ಹಾಕಿಬಿಡು, ತಮ್ಮಾ.

"ಲಗಾ ಕ್ಯಾ?" ತಾಗಿತೇ ಎಂದು ಕೇಳಿದರು ವಿವೇಕ್ ಸರ್, ಹಿಂದಿನಿಂದ.

"ನಹೀಂ ಸರ್."

ಗಾಳಿ ಬಂತು. ಗೆದ್ದೆವು.

ಕಾಕಾ ದಂಡೆಗೆ ಬಂದು, ಮಾರ್ಕ್ ತಾಗಿಯೂ ಸುತ್ತು ಹಾಕಲಿಲ್ಲವೆಂದು, ತಮ್ಮ ಹಲಗೆಯಲ್ಲಿ ಬರೆದುಕೊಂಡಿದ್ದ ನಮ್ಮ ದೋಣಿಯ ನಂಬರನ್ನು ಪಂದ್ಯ ನಡೆಸುವವರಿಗೆ ಕೊಟ್ಟರು. ಅದು ಅವರ ಕೆಲಸ. ಬಿರಿಯಾನಿಯ ವಾಸನೆ ಬರುತ್ತಿರುವಾಗಲೇ ಹುಲ್ಲುಹಾಸಿನ ಮೇಲೊಂದು ಮೇಜು ಬಂತು, ಮೂವರು ಹಿರಿಯ ಸದಸ್ಯರು ವಿಚಾರಣೆಗೆ ಕೂತರು. ನಡುವೆ, ನೌಕಾಪಡೆಯಲ್ಲಿದ್ದ ಕಮಾಂಡರ್ ಸಾಹೇಬರು. ಕಾಕಾ ನಿಂತಿದ್ದರು, ನಮಗೆ ಕುರ್ಚಿ ಕೊಟ್ಟಿದ್ದರು. ಬೆತ್ತದ ಕುರ್ಚಿ.

"ಲಗಾ ಸಾಬ್. ಇನೋ ಕೀ ಪೀಠ್ ಕೋ ಲಗಾ" ಎಂದರು ಕಾಕಾ, ನನ್ನ ಬೆನ್ನಿನತ್ತ ಕೈ ತೋರಿ.

ನಾನು ತಾಗಲಿಲ್ಲವೆಂದೆ. ವಿವೇಕ್ ಸರ್ ಇಂಗ್ಲಿಷಿನಲ್ಲಿ, "ಪಾಪ, ವಯಸ್ಸಾಗಿದೆ. ಕಣ್ಣು ಸರಿ ಇದೆಯೋ ಇಲ್ಲವೋ" ಎಂದರು. ಕಮಾಂಡರ್ ನನ್ನತ್ತ ತಿರುಗಿದರು. "ನೀನು ಅವನ ಭಾಷೆಯವನು, ಅವನ ಜೊತೆ ಕೂರುತ್ತೀಯ. ಕಣ್ಣಿಗೆ ಏನಾದರೂ ತೊಂದರೆ ಇದೆಯೇ?"

ಆ ಪ್ರಶ್ನೆಗೆ ನಾನು ಸುಳ್ಳು ಹೇಳಲಿಲ್ಲ. ಅದೇ ನನ್ನನ್ನು ಸುಡುವುದು. "ಸೂಜಿಗೆ ದಾರ ನಾನೇ ಪೋಣಿಸಿಕೊಡುತ್ತೇನೆ, ಸರ್" ಎಂದೆ.

ಕಾಕಾಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಮಾತಿನ ಜೊತೆ ನನ್ನ ಎರಡು ಕೈಯ ಬೆರಳುಗಳು ತಾವಾಗಿಯೇ ಸೂಜಿ ಹಿಡಿದು ದಾರ ಹಾಕುವ ಅಭಿನಯ ಮಾಡಿದ್ದವು. ಅವರು ನನ್ನ ಬೆರಳುಗಳನ್ನು ನೋಡಿದರು, ಮುಖ ನೋಡಲಿಲ್ಲ.

"ಸೂಯಿ ನೈ ದಿಖ್ತೀ ಸಾಬ್, ಸಚ್ ಹೈ" ಎಂದರು. "ಲೇಕಿನ್ ಮಾರ್ಕ್ ಸೂಯಿ ಹೈ ಕ್ಯಾ?" ಸೂಜಿ ಕಾಣದು, ನಿಜ; ಆದರೆ ಮಾರ್ಕ್ ಏನು ಸೂಜಿಯೇ ಎಂದು.

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಒಳ್ಳೆಯ ಮಾತು ಎಂದು ನಕ್ಕರು, ನಕ್ಕು, ನಮ್ಮ ಗೆಲುವನ್ನು ಎತ್ತಿಹಿಡಿದರು. ಕಣ್ಣು ಮಂದವಾದವನನ್ನು ನೀರಿನ ಮೇಲೆ ಕಾವಲಿಗಿಡುವುದು ಅಪಾಯ ಎಂದು ಆ ಮೇಜಿನಲ್ಲೇ ತೀರ್ಮಾನವೂ ಆಯಿತು, ಬಹಳ ಕಾಳಜಿಯಿಂದ. ಹತ್ತಿರದ್ದು ಕಾಣದ ವಯಸ್ಸಿಗೆ ದೂರದ್ದು ನಿಚ್ಚಳ ಕಾಣುತ್ತದೆಂದು ಆಗ ನನಗೆ ತಿಳಿದಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತಿದೆ. ಆದರೆ ಕೆರೆಯ ಆ ತುದಿಯ ಗಾಳಿಯನ್ನು ಅವರು ಕಂಡು ಹೇಳುವುದನ್ನು ನಾನು ಎರಡು ತಿಂಗಳು ಪಕ್ಕದಲ್ಲೇ ನಿಂತು ನೋಡಿದ್ದೆ. ಬೇರೆ ಯಾರಿಗಾದರೂ ಆ ಸಬೂಬು ಸಲ್ಲಬಹುದು.

ಮೂರು ವಾರ ಬಿಟ್ಟು ಸದಸ್ಯನಾಗಿ ಹೋದೆ. ಗೇಟಿನಲ್ಲಿ ಕಾಕಾ, ಖಾಕಿ ಅಂಗಿ ತೊಟ್ಟು, ಬರುವ ಹೋಗುವ ಗಾಡಿಗಳ ನಂಬರು ಬರೆಯುವ ಪುಸ್ತಕ ಹಿಡಿದು ಕೂತಿದ್ದರು. ಎಷ್ಟೋ ಭಾನುವಾರ ನನ್ನ ಸ್ಕೂಟರನ್ನು ಅವರೇ ನೆರಳಿಗೆ ನಿಲ್ಲಿಸಿದ್ದುಂಟು.

"ಕಾಕಾ..." ಎಂದೆ.

"ನಂಬರ್ ಹೇಳ್ರಿ ಸಾಬ್."

"ಕಾಕಾ, ನಾನು..."

"ಹಿಂದ ಗಾಡಿ ನಿಂತಾವ್ರಿ ಸಾಬ್."

ಪುಸ್ತಕವನ್ನು ಉದ್ದ ಕೈ ಚಾಚಿ ದೂರ ಹಿಡಿದು ಬರೆದುಕೊಂಡರು. ಆ ದಿನ ಬೆತ್ತದ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತೆ. ಬೆನ್ನಿನಲ್ಲಿ ಒದ್ದೆ ರಬ್ಬರಿನ ತಣ್ಣನೆಯ ಸ್ಪರ್ಶ ಹಾಗೇ ಇತ್ತು.

ಮುಂದಿನ ಚಳಿಗಾಲಕ್ಕೆ ಗೇಟಿನಲ್ಲಿ ಬೇರೆಯವರಿದ್ದರು. ಶಂಶಾಬಾದಿನಲ್ಲಿ ಹೊಸ ವಿಮಾನ ನಿಲ್ದಾಣಕ್ಕೆ ನೆಲ ಸಮ ಮಾಡುತ್ತಿದ್ದಾರೆ, ತಮ್ಮ ಊರ ಜನರ ಜೊತೆ ಮಣ್ಣು ಕೆಲಸಕ್ಕೆ ಹೋದರು ಎಂದು ಯಾರೋ ಹೇಳಿದರು. ಮಣ್ಣಿನಿಂದ ನೀರಿಗೆ ಬಂದವರನ್ನು ನಾನು ಮತ್ತೆ ಮಣ್ಣಿಗೆ ಕಳಿಸಿದ್ದೆ. ಹುಡುಕಿಕೊಂಡು ಹೋಗಬಹುದಿತ್ತು. ಈ ಭಾನುವಾರ, ಮುಂದಿನ ಭಾನುವಾರ ಎನ್ನುವಷ್ಟರಲ್ಲಿ ನಿಲ್ದಾಣವೇ ತೆರೆಯಿತು. ಅಲ್ಲಿನ ನುಣ್ಣನೆ ನೆಲದ ಮೇಲೆ ಪೆಟ್ಟಿಗೆಯ ಗಾಲಿ ಉರುಳಿಸುವಾಗ ನಾನು ಈಗಲೂ ಕೆಳಗೆ ನೋಡುವುದಿಲ್ಲ. ವಿವೇಕ್ ಸರ್ ಬೇರೆ ದೇಶಕ್ಕೆ ಹೋದರು. ನನ್ನ ಸದಸ್ಯತ್ವ ತಾನಾಗಿ ಬಿದ್ದುಹೋಯಿತು. ಉಳಿದದ್ದು ಗೆದ್ದ ಬೆಳ್ಳಿಬಣ್ಣದ ತಟ್ಟೆ. ಅದು ನಮ್ಮ ಶೋಕೇಸಿನಲ್ಲಿದೆ. ಬಂದವರೆಲ್ಲ ಕೇಳುತ್ತಾರೆ, ಗಾಳಿ ಸತ್ತದ್ದು, ಮತ್ತೆ ಬಂದದ್ದು, ಗೆದ್ದದ್ದು, ಎಲ್ಲವನ್ನೂ ಚೆನ್ನಾಗಿ ಹೇಳುತ್ತೇನೆ. ಮಾತಿನಲ್ಲಿ ನಾನು ಚುರುಕು, ನಿಮಗೀಗ ಗೊತ್ತಾಗಿರಬೇಕು.

"ಕೊಡ್ರಿ ಇಲ್ಲೆ, ನಿಮ್ಮ ಕೈಲೆ ಆಗಂಗಿಲ್ಲ" ಎಂದು ಗಿರಿಜಾ ಸೂಜಿ ಕಿತ್ತುಕೊಂಡು ದಾರ ಹಾಕಿದಳು. ಹಿಡಿಕೆಯ ಬುಡ ಮಡಚಿ, ಹಳೆಯ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಎಷ್ಟ ಸಣ್ಣ ಹೊಲಿಗಿ ನೋಡ್ರಿ, ಇರುವಿ ಸಾಲ ಇದ್ದಂಗ. ಏನ ಚುರುಕ ಕಣ್ಣ ಇರಬೇಕ ಇದನ್ನ ಹೊಲದವರ್ದು!"

"ಚುರುಕ ಇದ್ದೂವು" ಎಂದೆ. "ನಾನ ಅವು ಮಂದ ಅಂತ ಹೇಳಿ ಅವರ ಅನ್ನಕ್ಕ ಕಲ್ಲ ಹಾಕಿದೆ."

ಅವಳು ತಲೆಯೆತ್ತಿದಳು. ನಿಮಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ, ನಗೆಮಾತು ಬಿಟ್ಟು. ಅವಳು ಸಮಾಧಾನ ಹೇಳುತ್ತಾಳೆಂದು ನನ್ನ ಮನಸ್ಸಿನ ಯಾವುದೋ ಮೂಲೆ ಕಾಯುತ್ತಿತ್ತು. ಹಳೇದು ಬಿಡ್ರಿ ಎನ್ನಬಹುದಿತ್ತು.

"ಬಂದವರ ಮುಂದೆಲ್ಲ ಆ ತಾಟ ತೋರಸ್ತಿದ್ರಿ" ಎಂದಳು. "ನಾನೂ ಹಬ್ಬ ಹಬ್ಬಕ್ಕ ತಿಕ್ಕಿ ತಿಕ್ಕಿ ಇಡತಿದ್ನಿ."

ಮತ್ತೆ ತಲೆ ತಗ್ಗಿಸಿ ಹೊಲಿಯತೊಡಗಿದಳು. ಎದ್ದು ಶೋಕೇಸಿನ ತಟ್ಟೆ ತೆಗೆದೆ. ಎಲ್ಲಿಡಬೇಕೆಂದು ತಿಳಿಯದೆ ಅದನ್ನು ಹಿಡಿದು ಕೋಣೆಯ ನಡುವೆ ನಿಂತೆ.

"ಹೊಲಿಗಿ ಸೊಟ್ಟ ಆಗಾಕತ್ತೈತಿ" ಎಂದಳು ಗಿರಿಜಾ, ನನ್ನತ್ತ ನೋಡದೆ. "ಅವರಂಗ ನನಗ ಬರೂದಿಲ್ಲ."