ನಾಲ್ಕು ವೈರು, ಎಂಟು ಗುರುವಾರ

‘ತಮ್ಮಾ, ಆ ಒಂದು ವೈರು ಇವತ್ತು ಹಾಕಬ್ಯಾಡ.’

ನಾನು ನೆಲದ ಮೇಲೆ ಕೂತಿದ್ದೆ. ಎದುರಿಗೆ ಸಿಪಿಯು ಹೊಟ್ಟೆ ತೆರೆದುಕೊಂಡು ಮಲಗಿತ್ತು. ಸ್ಕ್ರೂಗಳೆಲ್ಲ ಒಂದು ಬಸಿಯಲ್ಲಿ. ನನ್ನ ಕೈಯಲ್ಲಿ ಉಳಿದಿದ್ದು ಒಂದೇ ವೈರು, ಸಿಡಿ ಡ್ರೈವಿನದು. ಒತ್ತಿ ಕೂರಿಸಲು ಒಂದು ಸೆಕೆಂಡು ಸಾಕು.

‘ಯಾಕ್ರಿ ಮೇಷ್ಟ್ರೆ?’

‘ಮುಂದಿನ ಗುರುವಾರ ಹಾಕಿದ್ರಾತು. ಈಗೇನು ಅರ್ಜೆಂಟ್ ಐತಿ?’

ನನಗೆ ಸಿಟ್ಟು ಬಂತು. ಅಂಗಡಿಗೆ ಬೀಗ ಹಾಕಿ, ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿನ ತನಕ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದೆ. ‘ಅರ್ಜೆಂಟ್ ನಿಮಗಿಲ್ರಿ, ನನಗೈತಿ. ನನಗ ಕೆಲ್ಸ ಭಾಳ ಅದಾವು. ಒಂದೊಂದು ವೈರಿಗೆ ಒಂದೊಂದು ಸಲ ಬಸ್ ಹತ್ತಾಕ ಆಗಂಗಿಲ್ಲ’ ಅಂದೆ. ಅಂದವನೇ ಒತ್ತಿಬಿಟ್ಟೆ.

ಟಕ್.

ವೈರು ಕೂತಿತು. ನನ್ನ ಗುರುವಾರ ಹೋಯಿತು. ಈ ವಾರ ಬರೆಯುತ್ತಿರುವುದು ಹಾಗೆ ಕೈತಪ್ಪಿದ ಗುರುವಾರದ ಬಗ್ಗೆ.

(ಪತ್ರಿಕೆಯವರು ‘ಕಂಪ್ಯೂಟರ್ ಇಟ್ಟುಕೊಂಡವರಿಗೆ ಉಪಯೋಗ ಆಗುವಂಥದ್ದು ಬರಿ’ ಅಂದಿದ್ದಾರೆ. ಅದನ್ನೂ ಬರೆಯುತ್ತೇನೆ. ನಡುವೆ ನನ್ನ ಗೋಳು ಬಂದರೆ ದಾಟಿಕೊಂಡು ಓದಿ.)

ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆ ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಮೊದಲು ಸಾಯುವುದು ಪವರ್ ಸಪ್ಲೈ. ಗೋಡೆಯ ಕರೆಂಟನ್ನು ಇಳಿಸಿ ಒಳಗಿರುವ ಎಲ್ಲದಕ್ಕೂ ಹಂಚುವ ತಗಡಿನ ಡಬ್ಬಿ ಅದು. ಹಿಂದುಗಡೆ ಫ್ಯಾನ್ ತಿರುಗುತ್ತದಲ್ಲ, ಅದೇ. ಕರೆಂಟು ಹೋದರೆ ಜನ ಬೈಯುತ್ತಾರೆ. ನನಗೆ ಕರೆಂಟು ಬಂದರೆ ಭಯ. ಹೋದ ಕರೆಂಟು ಸುಮ್ಮನೆ ವಾಪಸ್ ಬರುವುದಿಲ್ಲ, ಒದ್ದುಕೊಂಡು ಬರುತ್ತದೆ. ಎಲ್ಲೋ ಒಂದು ಡಬ್ಬಿ ಢಪ್ ಅನ್ನುತ್ತದೆ. ನನ್ನ ಫೋನು ರಿಂಗ್ ಆಗುತ್ತದೆ.

ನನ್ನ ಫೋನು ರಿಂಗ್ ಆಯಿತೆಂದರೆ ಎಲ್ಲೋ ಏನೋ ಸುಟ್ಟಿದೆ ಎಂದೇ ಅರ್ಥ. ‘ಉಂಡಿಯೇನಪ್ಪ?’ ಅಂತ ಕೇಳಲು ಇದುವರೆಗೆ ಯಾರೂ ಫೋನ್ ಮಾಡಿಲ್ಲ. ಇದು ದೂರಲ್ಲ. ಇದ್ದದ್ದನ್ನು ಹೇಳಿದೆ.

ರುದ್ರಮುನಿ ಮೇಷ್ಟ್ರು ಮೊದಲ ಸಲ ನನ್ನ ಅಂಗಡಿಗೆ ಬಂದದ್ದೂ ಸುಟ್ಟ ಸಪ್ಲೈ ಹಿಡಿದುಕೊಂಡೇ. ಬಟ್ಟೆಯ ಚೀಲದಲ್ಲಿ ಸುತ್ತಿ ತಂದಿದ್ದರು. ಕೊಟ್ಟೂರಿನಲ್ಲಿ ಟೈಪಿಂಗ್ ಇನ್ಸ್‌ಟಿಟ್ಯೂಟ್ ನಡೆಸಿದವರು. ವಯಸ್ಸು ಐವತ್ತರ ಮೇಲೆ. ಮದುವೆಯಾಗಿಲ್ಲ. ಒಂದು ಕಾಲದಲ್ಲಿ ಬೆಳಿಗ್ಗೆ ಆರಕ್ಕೇ ಮೊದಲ ಬ್ಯಾಚು. ಹನ್ನೆರಡು ಮಷಿನ್ ಒಟ್ಟಿಗೆ ಬಡಿದರೆ ಬೀದಿಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲವಂತೆ. ಕಂಪ್ಯೂಟರ್ ಬಂತು, ಹುಡುಗರು ಹೋದರು. ಈಗ ಹನ್ನೆರಡೂ ಮಷಿನ್ನಿಗೆ ಬಟ್ಟೆ ಹೊದಿಸಿದ್ದಾರೆ. ಮೂಲೆಯಲ್ಲಿ ಒಂದು ಕಂಪ್ಯೂಟರ್. ಯಾರಾದರೂ ಅರ್ಜಿ ಟೈಪ್ ಮಾಡಿಸಲು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ.

ಅವತ್ತು ಅಂಗಡಿಯಲ್ಲಿ ಎರಡು ಸಪ್ಲೈ ಇದ್ದವು. ಒಂದು ಸಾದಾ. ಇನ್ನೊಂದು ಮಾಡ್ಯುಲರ್. ಅದನ್ನು ಬೇರೆ ಊರಿನ ಒಬ್ಬ ಗಿರಾಕಿ ತರಿಸಲು ಹೇಳಿ, ನಾನು ಬೆಂಗಳೂರಿನಿಂದ ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು.

‘ಇವೆರಡಕ್ಕ ಏನು ಫರಕು?’ ಅಂತ ಮೇಷ್ಟ್ರು ಕೇಳಿದರು.

‘ಸಾದಾದಕ್ಕ ಎಲ್ಲಾ ವೈರು ಹುಟ್ಟಿನಿಂದ ಅಂಟಿಕೊಂಡು ಬಂದಿರ್ತಾವ್ರಿ. ಬೇಕಿರಲಿ ಬಿಡಲಿ, ಒಳಗ ಗಂಟು ಗಂಟಾಗಿ ಬಿದ್ದಿರ್ತಾವು. ಮಾಡ್ಯುಲರ್ ಹಂಗಲ್ಲ. ಬೋರ್ಡಿಂದು ಒಂದು, ಪ್ರೊಸೆಸರ್‌ದು ಒಂದು, ಎರಡು ಮಾತ್ರ ಅಂಟಿರ್ತಾವು. ಉಳಿದ ನಾಕು ಬಿಡಿ. ಬೇಕಾದಾಗ ಹಾಕೋದು, ಬ್ಯಾಡಾದಾಗ ತೆಗಿಯೋದು.’

‘ತೆಗೆದವು ಎಲ್ಲಿ ಇಡೋದು?’

‘ಅದರ ಜೊತಿಗೆ ಒಂದು ಚೀಲ ಕೊಟ್ಟಾರಲ್ರಿ, ಅದರಾಗ.’

ಮೇಷ್ಟ್ರು ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು, ಸಂತೆಯಲ್ಲಿ ಕಲ್ಲಂಗಡಿ ನೋಡುವ ಹಾಗೆ ತೂಗಿ ನೋಡಿದರು. (ಇದು ಉಪಯೋಗದ ಮಾತು, ಬರೆದಿಟ್ಟುಕೊಳ್ಳಿ. ಸ್ಟಿಕ್ಕರಿನ ಮೇಲೆ ಬರೆದ ವಾಟ್ ನಂಬಬೇಡಿ, ಕೈಯಲ್ಲಿ ಎತ್ತಿ ನೋಡಿ. ಒಳಗೆ ಮಾಲು ಇದ್ದರೆ ತೂಕ ಬರುತ್ತದೆ. ಹಗುರಾಗಿದ್ದರೆ ವಾಪಸ್ ಇಡಿ. ಇನ್ನೊಂದು: ಮಾಡ್ಯುಲರ್ ಕೊಂಡರೆ ಅದರ ಜೊತೆ ಬಂದ ವೈರನ್ನೇ ಹಾಕಿ. ಬೇರೆ ಕಂಪನಿಯದು ತೂತಿಗೆ ಸರಿಯಾಗಿ ಕೂರುತ್ತದೆ, ಆದರೆ ಒಳಗೆ ಕರೆಂಟು ಹರಿಯುವ ದಾರಿ ಬೇರೆ ಇರುತ್ತದೆ. ಹಾರ್ಡ್‌ಡಿಸ್ಕ್ ಸುಟ್ಟ ಮೇಲೆ ನನಗೆ ಫೋನ್ ಮಾಡಬೇಡಿ.)

ನಾನು ಮುಚ್ಚುಮರೆ ಮಾಡುವವನಲ್ಲ. ‘ನಿಮಗ ಇದು ಬ್ಯಾಡ್ರಿ. ನಿಮ್ಮ ಕಂಪ್ಯೂಟರಿಗೆ ಸಾದಾದು ಸಾಕು. ಸುಮ್ನ ದುಡ್ಡು ದಂಡ’ ಅಂದೆ.

ಅವರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ‘ಚೀಲದಾಗಿನ ವೈರು ಬೇಕಾದ್ರ ಯಾರು ಹಾಕ್ತಾರ?’

‘ನಾನಾ ಬಂದು ಹಾಕ್ತೀನ್ರಿ. ಒಂದು ವರ್ಷ ಸರ್ವಿಸ್ ಫ್ರೀ.’

‘ಕೊಟ್ಟೂರಿಗೆ ಬರ್ತಿ?’

‘ಬರಬೇಕಲ್ರಿ ಮತ್ತ.’

‘ಹಂಗಾರ ಇದನ್ನಾ ಕೊಡು.’

ಆಗ ನನಗೆ ಏನೂ ಹೊಳೆಯಲಿಲ್ಲ. ಧೂಳು ತಿನ್ನುತ್ತಿದ್ದ ಮಾಲು ಖಾಲಿಯಾಯಿತಲ್ಲ ಅಂತ ಖುಷಿಪಟ್ಟೆ.

ಮೊದಲ ಗುರುವಾರ ಹೋಗಿ ಕೂರಿಸಿದೆ. ಹಾರ್ಡ್‌ಡಿಸ್ಕಿನ ವೈರು ಹಾಕಲೇಬೇಕು, ಹಾಕಿದೆ. ಸಿಡಿ ಡ್ರೈವಿನದಕ್ಕೆ ಕೈ ಹಾಕಿದರೆ ಮೇಷ್ಟ್ರು ತಡೆದರು. ‘ಟೈಪಿಂಗ್‌ನಾಗ ಮೊದಲನೇ ವಾರ ನಡು ಸಾಲು ಒಂದಾ ಕಲಿಸ್ತಿದ್ದೆ. ಅದು ಕೈಗೆ ಕೂತ ಮ್ಯಾಲೆ ಮ್ಯಾಲಿನ ಸಾಲು. ಒಮ್ಮೆಲೇ ಎಲ್ಲಾ ಕಲಿಸಿದ್ರ ಬೆರಳು ಕೆಡ್ತಾವು. ಇದೂ ಒಂದು ಕೂಡ್ರಲಿ, ಆಮ್ಯಾಲೆ ಇನ್ನೊಂದು ನೋಡಣ.’

‘ವೈರಿಗೆ ಬೆರಳಿಲ್ರಿ’ ಅಂದೆ.

‘ಮಾಡೋರಿಗೆ ಅದಾವಲ್ಲ’ ಅಂದರು.

ಎರಡನೇ ಗುರುವಾರ ಸಿಡಿ ಡ್ರೈವು. ಮೂರನೇದು ಮುಂದಿನ ಫ್ಯಾನು. ನಾಲ್ಕನೇದು ಫ್ಲಾಪಿ. ಲೆಕ್ಕ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಐದನೇ ವಾರ ಫೋನ್ ಬಂತು: ‘ಫ್ಲಾಪಿ ಯಾರು ತರ್ತಾರ ಈಗ? ಅದನ್ನ ತೆಗಿ ಬಾ.’ ಆರನೇ ವಾರ ಚಿಗಟೇರಿಯಿಂದ ಯಾರೋ ಫ್ಲಾಪಿ ತಂದರಂತೆ, ‘ಹಾಕು ಬಾ.’ ಏಳನೇ ವಾರ ಸಿಡಿ ಡ್ರೈವು ಸುಮ್ಮನೆ ಕರೆಂಟು ತಿನ್ನುತ್ತದೆ ಅಂತ ಫ್ಲಾಪಿ, ಸಿಡಿ ಎರಡನ್ನೂ ತೆಗೆಸಿದರು.

ವೈರು ಇದ್ದದ್ದು ನಾಲ್ಕು. ಗುರುವಾರ ಎಂಟಾದವು.

ಪ್ರತಿ ಸಲ ಕೆಲಸ ಐದು ನಿಮಿಷದ್ದು. ಆಮೇಲೆ ಹಿಂದಿನ ಅಡುಗೆಮನೆಯಿಂದ ಮೇಷ್ಟ್ರೇ ಮಾಡಿಟ್ಟ ಒಗ್ಗರಣೆ ಮಂಡಕ್ಕಿ ಬರುತ್ತಿತ್ತು, ಮೇಲೆ ಎರಡು ಮಿರ್ಚಿ. ಅವರು ಎದುರಿಗೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಹಳದಿ ವೈರಿನಲ್ಲಿ ಎಷ್ಟು ಕರೆಂಟು? ಹನ್ನೆರಡು ವೋಲ್ಟ್. ಕೆಂಪು? ಐದು. ಕಪ್ಪು? ಅದು ಅರ್ಥಿಂಗು. ‘ಕರಿದು ಇಲ್ಲದಿದ್ರ?’ ‘ಹೋದ ಕರೆಂಟು ವಾಪಸ್ ಬರಾಕ ದಾರಿ ಇರಂಗಿಲ್ರಿ. ಯಾವುದೂ ನಡಿಯಂಗಿಲ್ಲ.’ ‘ಹೌದಾ! ನಾನು ಹಳದಿದಾ ದೊಡ್ಡದು ಅಂತ ತಿಳಿದಿದ್ದೆ’ ಅಂತ ಅವರು ಬೆರಗಾಗುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿ ದಾಟಿದವನಲ್ಲ. ಏಳು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಗಿರಾಕಿಗಳು ಎರಡೇ ಪ್ರಶ್ನೆ ಕೇಳುತ್ತಾರೆ: ಎಷ್ಟಾಗುತ್ತದೆ? ಯಾವಾಗ ಕೊಡುತ್ತಿ? ನನಗೆ ಗೊತ್ತಿರುವುದನ್ನು ಒಬ್ಬ ಮನುಷ್ಯ ಕೂತು ಕೇಳಿದ್ದು ಅಲ್ಲೇ ಮೊದಲು. ಅದೂ ನನಗಿಂತ ಹೆಚ್ಚು ಓದಿದ ಮನುಷ್ಯ.

ನನ್ನ ಅಂಗಡಿ ಎದುರಿನ ಹೋಟೆಲ್ಲಿನ ನಾಗಣ್ಣನ ಬಾಯಿಗೆ ಬೀಗ ಇಲ್ಲ. ‘ಏನಲೇ ಕೊಟ್ರ್ಯಾ, ಗುರುವಾರ ಗುರುವಾರ ತಲಿ ಬಾಚಿಕೊಂಡು ಕೊಟ್ಟೂರಿಗೆ ಹೊಂಟಿ. ಹೆಣ್ಣು ಗಿಣ್ಣು ನೋಡಿಯೇನು?’

‘ವೈರು ಹಾಕಾಕ ಹೊಂಟೀನಿ ನಾಗಣ್ಣ.’

‘ಎರಡು ತಿಂಗಳಾತು. ಯಾವ ವೈರಲೇ ಅದು, ಮುಗಿಯಂಗಾ ಇಲ್ಲ!’

ಕೂತವರೆಲ್ಲ ನಕ್ಕರು. ನನಗೆ ಅವಮಾನ ಆಯಿತು. ಆ ಅವಮಾನವನ್ನೇ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಮೇಷ್ಟ್ರ ಮೇಲೆ ಇಳಿಸಿದೆ. ಅದೇ ಎಂಟನೇ ಗುರುವಾರ. ಚೀಲ ಕೊಡವಿ, ಬೇಕಾದದ್ದು ಬೇಡವಾದದ್ದು ಎಲ್ಲ ಒಂದೇ ಸಲ ಹಾಕಿದೆ. ಕೊನೆಯದನ್ನು ಬೇಡ ಅಂದರೂ ಹಾಕಿದೆ.

‘ಇನ್ನ ನಾನು ಬರೋ ಕೆಲಸ ಇಲ್ಲ ನೋಡ್ರಿ’ ಅಂದೆ, ಸ್ಕ್ರೂ ಬಿಗಿಯುತ್ತಾ.

ಮೇಷ್ಟ್ರು ಖಾಲಿ ಚೀಲವನ್ನು ತೊಡೆಯ ಮೇಲಿಟ್ಟು ಕೈಯಿಂದ ತೀಡಿ ತೀಡಿ ಮಡಿಚಿದರು. ‘ಹೂಂ. ಮುಗೀತು ಅಂದಂಗಾತು’ ಅಂದರು. ಅವರು ಮೊದಲೇ ಮಾಡಿಟ್ಟ ಒಗ್ಗರಣೆಯ ವಾಸನೆ ಒಳಗಿನಿಂದ ಬರುತ್ತಿತ್ತು. ನಾನು ಕೂರಲಿಲ್ಲ.

ಮುಂದಿನ ಗುರುವಾರ ಫೋನ್ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ಪೀಡೆ ತೊಲಗಿತು ಅಂದುಕೊಂಡೆ. ಮೂರನೇ ಗುರುವಾರ ಮಧ್ಯಾಹ್ನ ನೋಡುತ್ತೇನೆ, ಯಾವ ಕೆಲಸಕ್ಕೂ ಕೈ ಹೋಗುತ್ತಿಲ್ಲ. ಖಾನಾವಳಿಯಲ್ಲಿ ಉಂಡು ಬಂದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದೆ (ನಾನು ಇರುವುದೂ ಅಲ್ಲೇ). ಎದ್ದೆ. ಹೊತ್ತು ಹೋಗಲಿಲ್ಲ. ನನ್ನ ಊರು ಇಟ್ಟಿಗಿ. ಅಲ್ಲಿಗೆ ಯಾಕೆ ಹೋಗುವುದಿಲ್ಲ ಅಂತ ಕೇಳಬೇಡಿ.

ನಾನೇ ಫೋನ್ ಮಾಡಿದೆ. ಗಿರಾಕಿಗೆ ನಾನಾಗಿಯೇ ಫೋನ್ ಮಾಡಿದ್ದು ಅದೇ ಮೊದಲು.

‘ಮೇಷ್ಟ್ರೆ, ಸಪ್ಲೈ ಹೆಂಗ ನಡದೈತ್ರಿ?’

‘ಭಾಳ ಚಲೋ ಐತಪ್ಪ. ಸದ್ದಾ ಇಲ್ಲ.’

‘ಬಿಸಿ ಗಿಸಿ ಆಗ್ತೈತೇನ್ರಿ?’

‘ಇಲ್ಲ.’

‘ಸುಟ್ಟ ವಾಸನಿ?’

‘ಏನೂ ಇಲ್ಲ ತಮ್ಮಾ. ನೀ ಚಿಂತಿ ಮಾಡಬ್ಯಾಡ.’

ಇಟ್ಟುಬಿಟ್ಟರು. ಸಾದಾ ಸಪ್ಲೈ ಕೊಟ್ಟಿದ್ದರೆ ಇಷ್ಟೊತ್ತಿಗೆ ಸುಡುತ್ತಿತ್ತು, ಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದರು. ನಾನು ಮಾರಿದ ಮಾಲು ಚೆನ್ನಾಗಿದೆ ಅಂತ ನನಗೇ ಬೇಜಾರಾದದ್ದು ಇದೊಂದೇ ಸಲ.

ನೀವೂ ಸ್ವಲ್ಪ ಯೋಚನೆ ಮಾಡಿ. ಹೋದ ತಿಂಗಳು ನಿಮ್ಮ ಮನೆಗೆ ಯಾರು ಯಾರು ಬಂದಿದ್ದರು? ಗ್ಯಾಸಿನವನು ಬಂದ, ಕೇಬಲ್ಲಿನವನು ಬಂದ, ಮೀಟರ್ ಓದುವವನು ಬಂದ. ಎಲ್ಲರಿಗೂ ಕೆಲಸ ಇತ್ತು. ಕೆಲಸ ಇಲ್ಲದೆ ಬಂದವರು ಎಷ್ಟು ಜನ? ನೀವಾದರೂ ಎಷ್ಟು ಮನೆಗೆ ಹಾಗೆ ಹೋದಿರಿ?

ಹೋದ ವಾರ ನಾನು ಹೋದೆ. ಯಾರೂ ಕರೆದಿರಲಿಲ್ಲ. ಸ್ಕ್ರೂಡ್ರೈವರ್ ಚೀಲ ಬೇಕೆಂದೇ ಅಂಗಡಿಯಲ್ಲಿ ಬಿಟ್ಟೆ. ಬಸ್ಸಿನ ತುಂಬ ಒಂದೇ ಮಾತು ಬಾಯಿಪಾಠ ಮಾಡಿದೆ: ಸುಮ್ನ ಬಂದೆ, ಮೇಷ್ಟ್ರೆ. ಸುಮ್ನ ಬಂದೆ.

ಬಾಗಿಲು ತೆರೆದಿತ್ತು. ಮೇಷ್ಟ್ರು ಬಟ್ಟೆ ಹೊದಿಸಿದ ಮಷಿನ್‌ಗಳ ನಡುವೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಎದ್ದರು. ಮುಖ ಅರಳಿತು. ಆಮೇಲೆ ನನ್ನ ಖಾಲಿ ಕೈ ನೋಡಿದರು.

‘ಯಾಕಪ್ಪ ಕೊಟ್ರೇಶ, ನಿಂದೇನಾರ ಉಳದೈತೇನು?’

‘ಇಲ್ರಿ.’

‘ಮತ್ತ? ಏನು ಕೆಲಸ?’

ಚೀಲ ಹಿಡಿಯದಿದ್ದರೆ ನನ್ನ ಕೈಗಳನ್ನು ಎಲ್ಲಿ ಇಡಬೇಕೆಂದು ನನಗೆ ತಿಳಿಯುವುದಿಲ್ಲ. ಜೇಬಿನಲ್ಲಿ ಇಟ್ಟೆ, ತೆಗೆದೆ. ಎಂಥ ಗಿರಾಕಿಯಾದರೂ ಮುಖದ ಮೇಲೆ ಹೇಳುವವನು ನಾನು. ಬಾಯಿಪಾಠ ಮಾಡಿದ ಆ ಒಂದು ಮಾತು ಹೊರಗೆ ಬರಲಿಲ್ಲ.

‘ಇಲ್ಲೇ ಒಬ್ಬರದು ಕಂಪ್ಯೂಟರ್ ಕೆಟ್ಟಿತ್ರಿ. ಅದಕ್ಕ ಬಂದಿದ್ದೆ’ ಅಂದೆ.

ಮೇಷ್ಟ್ರು ಒಂದು ಹೆಜ್ಜೆ ಮುಂದೆ ಇಟ್ಟಿದ್ದರು. ಅಲ್ಲೇ ನಿಂತರು. ‘ಹೌದಾ. ಹಂಗಾರ ನಾ ತಡಾ ಮಾಡಂಗಿಲ್ಲ ತಮ್ಮಾ. ನಿನಗ ಕೆಲಸ ಭಾಳ. ಐದಕ್ಕ ಒಂದು ಬಸ್ ಐತಿ, ಲಗೂನ ಹೋದ್ರ ಸಿಗ್ತೈತಿ.’

ಅದರಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಜಗಳ ಆಡಬಹುದಿತ್ತು, ಜಗಳದ ನೆಪದಲ್ಲಿ ಕೂರಬಹುದಿತ್ತು. ಅವರು ನನ್ನ ಒಳ್ಳೆಯದಕ್ಕೇ ಹೇಳಿದರು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಕೂತುಕೊಂಡು ಬಂದೆ.

ಮಾಡ್ಯುಲರ್ ಕೊಳ್ಳಬೇಕೋ ಬೇಡವೋ ಅಂತ ಕೇಳುವವರಿಗೆ: ದುಡ್ಡಿದ್ದರೆ ಕೊಳ್ಳಿ, ಬೇಗ ಕೆಡುವುದಿಲ್ಲ. ಕೆಟ್ಟಿದ್ದಕ್ಕೆ ಏನು ಮಾಡಬೇಕು ಅಂತ ನನಗೆ ಗೊತ್ತು. ಏನೂ ಕೆಡದೆ ಒಬ್ಬರ ಮನೆಯೊಳಗೆ ಹೋಗಿ ಕೂರುವುದು ಹೇಗೆ? ಗೊತ್ತಿಲ್ಲ. ಇನ್ನು ನಾನು ಹೇಳುವುದು ಏನೂ ಇಲ್ಲ.